ಪಕ್ಷದ ವಿರುದ್ಧ ಮತ: ಕಾಮನ್ಸ್ ಸಭೆಯ ಬಂಡಾಯ, ಲೋಕಸಭೆಯ ಮೌನ

ಶಾಸನಸಭೆಯ ಸದಸ್ಯರೊಬ್ಬರು ತಮ್ಮ ಪಕ್ಷ ಹೊರಡಿಸಿದ ಸೂಚನೆಗೆ ವಿರುದ್ಧವಾಗಿ ಮತ ಹಾಕುವುದನ್ನು ಬ್ರಿಟನ್ನಿನಲ್ಲಿ ಬಂಡಾಯವೆಂದೂ ಭಾರತದಲ್ಲಿ ವಿಪ್ ಉಲ್ಲಂಘನೆಯೆಂದೂ ಕರೆಯುವುದು ರೂಢಿ. ಅಡ್ಡಮತದಾನ ಎಂಬ ಮಾತು ನಮ್ಮಲ್ಲಿ ಹೆಚ್ಚಾಗಿ ರಾಜ್ಯಸಭೆ ಮತ್ತು ರಾಷ್ಟ್ರಪತಿ ಚುನಾವಣೆಗಳ ಸಂದರ್ಭದಲ್ಲಿ ಬರುತ್ತದೆ. ಸಂಸದರೊಬ್ಬರು ಎಷ್ಟು ಸಲ ಹೀಗೆ ಮಾಡುತ್ತಾರೆ ಎಂಬುದನ್ನು ಬಹಳ ಕಾಲದಿಂದ, ಬಹಳ ಶ್ರದ್ಧೆಯಿಂದ ಎಣಿಸುತ್ತ ಬಂದಿರುವುದು ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ. ಅಲ್ಲಿ ಹೆಚ್ಚಿನ ಸದಸ್ಯರ ಮಟ್ಟಿಗೆ ಉತ್ತರ ನೂರಕ್ಕೆ ಒಂದೆರಡರ ಒಳಗೇ. ಭಾರತದ ಲೋಕಸಭೆಯಲ್ಲಿ 1985ರ ನಂತರ ಅದು ಹತ್ತಿರಹತ್ತಿರ ಸೊನ್ನೆ. ನೋಡುವುದಕ್ಕೆ ಅಂತರ ಚಿಕ್ಕದು. ಆದರೆ ಆ ಒಂದೆರಡರೊಳಗೇ ಕಾಮನ್ಸ್‌ನಲ್ಲಿ ಪ್ರಧಾನಿಗಳು ಬಿದ್ದಿದ್ದಾರೆ, ಮಸೂದೆಗಳು ಮಣ್ಣುಗೂಡಿವೆ. ಎರಡೂ ಕಡೆ ಗಮನಿಸಬೇಕಾದ್ದು ಸದಸ್ಯರ ಧೈರ್ಯಕ್ಕಿಂತ ಹೆಚ್ಚಾಗಿ ವಿರುದ್ಧ ಮತಕ್ಕೆ ಅವರು ತೆರಬೇಕಾದ ಬೆಲೆಯನ್ನು.

ಎಣಿಸುವ ಬಗೆ

ಕಾಮನ್ಸ್ ಸಭೆಯಲ್ಲಿ ಯಾರು ಯಾವ ಕಡೆ ಮತ ಹಾಕಿದರು ಎಂಬ ಪಟ್ಟಿ 1836ರಿಂದ ಅಧಿಕೃತವಾಗಿ ಪ್ರಕಟವಾಗುತ್ತಿದೆ. ಆದರೆ ಪಕ್ಷ ಏನು ಹೇಳಿತ್ತು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ವಿಪ್ ಎಂಬುದು ಪಕ್ಷ ತನ್ನ ಸದಸ್ಯರಿಗೆ ವಾರವಾರ ಕಳಿಸುವ ಖಾಸಗಿ ಸುತ್ತೋಲೆ. ಒಂದು ಗೆರೆ ಎಳೆದಿದ್ದರೆ ಬಂದರೆ ಒಳ್ಳೆಯದು, ಎರಡು ಗೆರೆಯಾದರೆ ಬರಲೇಬೇಕು, ಬಾರದಿದ್ದರೆ ಮೊದಲೇ ಅನುಮತಿ ಪಡೆದಿರಬೇಕು. ಮೂರು ಗೆರೆ ಎಳೆದಿದ್ದರೆ ಆಸ್ಪತ್ರೆಯಲ್ಲಿದ್ದರೂ ಎದ್ದು ಬರಬೇಕು ಎಂಬಷ್ಟು ಬಿಗಿ. ಹೀಗಾಗಿ ಸಂಶೋಧಕರು ಸುಲಭದ ದಾರಿ ಹಿಡಿಯುತ್ತಾರೆ: ಪಕ್ಷದ ಬಹುಸಂಖ್ಯಾತರು ಹೋದ ಕಡೆಗೆ ಹೋಗದವರನ್ನು ಬಂಡಾಯಗಾರರೆಂದು ಲೆಕ್ಕ ಹಾಕುತ್ತಾರೆ.

ಈ ಲೆಕ್ಕಕ್ಕೆ ಎರಡು ದೊಡ್ಡ ತೂತುಗಳಿವೆ. ಒಂದು, ಪಕ್ಷವೇ ಸದಸ್ಯರನ್ನು ಅವರವರ ಮನಸ್ಸಿಗೆ ಬಿಟ್ಟ ಮತಗಳು. ಮರಣದಂಡನೆಯ ರದ್ದತಿ, ಗರ್ಭಪಾತ, ಸಲಿಂಗ ವಿವಾಹ, ದಯಾಮರಣದಂಥ ವಿಷಯಗಳಲ್ಲಿ ವಿಪ್ ಕೊಡುವುದಿಲ್ಲ. 2013ರ ಫೆಬ್ರುವರಿಯಲ್ಲಿ ಸಲಿಂಗ ವಿವಾಹ ಮಸೂದೆ 400–175 ಮತಗಳಿಂದ ಎರಡನೇ ವಾಚನ ದಾಟಿದಾಗ ಕನ್ಸರ್ವೇಟಿವ್ ಸದಸ್ಯರಲ್ಲಿ ಪರವಾಗಿ ಹೋದವರಿಗಿಂತ ವಿರುದ್ಧ ಹೋದವರೇ ಹೆಚ್ಚು. ಯಂತ್ರದಂತೆ ಎಣಿಸಿದರೆ ಮಸೂದೆ ತಂದ ಪ್ರಧಾನಿ ಡೇವಿಡ್ ಕ್ಯಾಮರನ್ ಅವರೇ ಆ ದಿನ ತಮ್ಮ ಪಕ್ಷದ ಬಂಡಾಯಗಾರರು! ಎರಡನೆಯದು ಗೈರುಹಾಜರಿ. ಕಾಮನ್ಸ್‌ನಲ್ಲಿ ತಟಸ್ಥ ಮತಕ್ಕೆ ಗುಂಡಿ ಇಲ್ಲ, ಬಾಗಿಲೂ ಇಲ್ಲ. ಮತ ಹಾಕದೆ ಉಳಿದವರು ಮುನಿಸಿನಿಂದ ಉಳಿದರೋ, ಮಗುವಿನ ಶಾಲೆಗೆ ಹೋಗಿದ್ದರೋ, ಎದುರು ಪಕ್ಷದ ಸದಸ್ಯರೊಬ್ಬರ ಜೊತೆ ‘ನೀವೂ ಬರಬೇಡಿ, ನಾನೂ ಬರುವುದಿಲ್ಲ’ ಎಂದು ಜೋಡಿ ಒಪ್ಪಂದ ಮಾಡಿಕೊಂಡಿದ್ದರೋ, ಪಟ್ಟಿ ನೋಡಿ ಹೇಳುವಂತಿಲ್ಲ.

ಇನ್ನೊಂದು ಗೊಂದಲವೂ ಇದೆ. ಎಷ್ಟು ಮತಗಳಲ್ಲಿ ಕನಿಷ್ಠ ಒಬ್ಬರಾದರೂ ಬಂಡೆದ್ದರು ಎಂಬುದು ಒಂದು ಸಂಖ್ಯೆ. ಒಬ್ಬ ಸದಸ್ಯ ತಾನು ಹಾಕಿದ ಮತಗಳಲ್ಲಿ ಎಷ್ಟನ್ನು ಪಕ್ಷದ ವಿರುದ್ಧ ಹಾಕಿದ ಎಂಬುದು ಬೇರೆಯೇ ಸಂಖ್ಯೆ. ಮೊದಲನೆಯದು ನೂರಕ್ಕೆ ಮೂವತ್ತು ದಾಟಿದರೂ ಎರಡನೆಯದು ಒಂದನ್ನು ದಾಟದಿರಬಹುದು. ಪತ್ರಿಕೆಗಳು ಇವೆರಡನ್ನೂ ಆಗಾಗ ಕಲಸಿಬಿಡುತ್ತವೆ.

ಮೊಗಸಾಲೆಯಲ್ಲಿ

ಕಾಮನ್ಸ್‌ನಲ್ಲಿ ಮತ ಹಾಕುವುದೆಂದರೆ ನಡೆದು ಹೋಗುವುದು. ಸ್ಪೀಕರ್ ವಿಭಜನೆ ಘೋಷಿಸಿದೊಡನೆ ಅರಮನೆಯಂಥ ಆ ಕಟ್ಟಡದ ತುಂಬ ಗಂಟೆಗಳು ಮೊಳಗುತ್ತವೆ. ಎಂಟು ನಿಮಿಷಕ್ಕೆ ಬಾಗಿಲು ಮುಚ್ಚುತ್ತದೆ. ಸ್ಪೀಕರ್ ಪೀಠದ ಬಲಕ್ಕಿರುವುದು ಪರವಾದವರ ಮೊಗಸಾಲೆ, ಎಡಕ್ಕಿರುವುದು ವಿರುದ್ಧವಾದವರದು. ಪಕ್ಷದ ಸಚೇತಕರು ಬಾಗಿಲ ಬಳಿಯೇ ನಿಂತಿರುತ್ತಾರೆ. ಬಂಡಾಯಗಾರ ಅವರ ಮುಂದೆ ಹಾದು, ಜೀವಮಾನವಿಡೀ ಎದುರಿಸಿದ ಪಕ್ಷದವರ ಜೊತೆ ಭುಜಕ್ಕೆ ಭುಜ ತಾಗಿಸಿಕೊಂಡು ಸರತಿಯಲ್ಲಿ ನಿಲ್ಲಬೇಕು. ಗುಂಡಿ ಒತ್ತುವುದಕ್ಕೂ ಹೀಗೆ ನಡೆದು ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಅಂಕಿಅಂಶಗಳು ಹೇಳುವುದಿಲ್ಲ.

2022ರ ಅಕ್ಟೋಬರ್ 19ರ ಸಂಜೆ ಈ ಮೊಗಸಾಲೆ ಹೇಗಿರಬಹುದು ಎಂಬುದು ಜಗತ್ತಿಗೆ ಗೊತ್ತಾಯಿತು. ಕಲ್ಲುಪದರ ಸೀಳಿ ಅನಿಲ ತೆಗೆಯುವ ವಿಷಯದಲ್ಲಿ ಲೇಬರ್ ಪಕ್ಷ ತಂದ ನಿರ್ಣಯವನ್ನು ಲಿಜ್ ಟ್ರಸ್ ಸರ್ಕಾರ ಮೊದಲು ವಿಶ್ವಾಸದ ಪ್ರಶ್ನೆ ಎಂದು ತನ್ನ ಸದಸ್ಯರಿಗೆ ಸಾರಿತ್ತು. ಚರ್ಚೆ ಮುಗಿಯುವ ಹೊತ್ತಿಗೆ ಸಚಿವರೊಬ್ಬರು ಎದ್ದು ಇದು ವಿಶ್ವಾಸಮತವಲ್ಲ ಎಂದುಬಿಟ್ಟರು. ಯಾವ ಬಾಗಿಲಿಗೆ ಹೋದರೆ ಏನಾಗುತ್ತದೆ ಎಂಬುದೇ ತಿಳಿಯದೆ ಕನ್ಸರ್ವೇಟಿವ್ ಸದಸ್ಯರು ಬಾಗಿಲ ಬಳಿ ಗುಂಪುಗೂಡಿದರು. ಕೆಲವರನ್ನು ಎಳೆದಾಡಿ ಒಳಗೆ ನೂಕಿದರೆಂಬ ಆರೋಪ ಬಂತು. ಆಮೇಲಿನ ವಿಚಾರಣೆಯಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲ. ಮತದಲ್ಲಿ ಸರ್ಕಾರ ಗೆದ್ದಿತು. ಮೊದಲು ಹೊರಬಂದ ಪಟ್ಟಿಯಲ್ಲಿ ಮತ ಹಾಕದವರ ಸಾಲಿನಲ್ಲಿ ಪ್ರಧಾನಿಯ ಹೆಸರೇ ಇತ್ತು. ಅವರ ಗುರುತಿನ ಕಾರ್ಡನ್ನು ಯಂತ್ರ ಓದಿರಲಿಲ್ಲ. ಮರುದಿನ ಟ್ರಸ್ ರಾಜೀನಾಮೆ ಘೋಷಿಸಿದರು. ಒಬ್ಬರೂ ಪಕ್ಷದ ವಿರುದ್ಧ ಮತ ಹಾಕದೆ ಬರೀ ಗೈರಾದರೂ ಸರ್ಕಾರ ಕುಸಿಯಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಶಿಸ್ತು ಸಡಿಲಿದ ಕಥೆ

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಪಕ್ಷವೆಂಬ ಕಟ್ಟು ಇನ್ನೂ ಸಡಿಲವಾಗಿತ್ತು. 1846ರಲ್ಲಿ ಧಾನ್ಯ ಕಾನೂನುಗಳನ್ನು ರದ್ದುಮಾಡಲು ಹೊರಟ ಪ್ರಧಾನಿ ರಾಬರ್ಟ್ ಪೀಲ್ ಅವರ ವಿರುದ್ಧ ಅವರದೇ ಪಕ್ಷದ ಮೂರನೇ ಎರಡರಷ್ಟು ಸದಸ್ಯರು ತಿರುಗಿಬಿದ್ದರು. ಎದುರು ಪಕ್ಷದ ಮತದಿಂದ ಮಸೂದೆ ಗೆದ್ದಿತು, ಅದೇ ಜೂನ್‌ನಲ್ಲಿ ಪೀಲ್ ಅಧಿಕಾರ ಕಳೆದುಕೊಂಡರು, ಪಕ್ಷ ಒಡೆಯಿತು. ಆಮೇಲೆ ಮತದಾರರ ಸಂಖ್ಯೆ ಬೆಳೆದಂತೆ ಪಕ್ಷದ ಹೆಸರಿಲ್ಲದೆ ಗೆಲ್ಲುವುದು ಕಷ್ಟವಾಯಿತು; ಶಿಸ್ತೂ ಬಿಗಿಯಾಯಿತು. ಆದರೂ 1940ರ ಮೇ 8ರಂದು ನಾರ್ವೆ ಯುದ್ಧದ ಚರ್ಚೆಯ ಕೊನೆಗೆ ಸರ್ಕಾರದ ಬೆಂಬಲಿಗರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ವಿರುದ್ಧ ಮೊಗಸಾಲೆಗೆ ನಡೆದರು. ಪ್ರಧಾನಿ ಚೇಂಬರ್ಲೇನ್ 281–200ರಿಂದ ಗೆದ್ದರು. ಗೆದ್ದ ಎರಡೇ ದಿನಕ್ಕೆ ಚರ್ಚಿಲ್ ಪ್ರಧಾನಿಯಾದರು.

ಯುದ್ಧದ ನಂತರದ ಎರಡು ದಶಕ ಶಿಸ್ತಿನ ಪರಾಕಾಷ್ಠೆ. 1950ರ ದಶಕದ ಎರಡು ಇಡೀ ಅಧಿವೇಶನಗಳಲ್ಲಿ ಒಬ್ಬ ಕನ್ಸರ್ವೇಟಿವ್ ಸದಸ್ಯರೂ ವಿಪ್ ಮೀರಲಿಲ್ಲ. 1960ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಸ್ಯಾಮ್ಯುಯೆಲ್ ಬೀರ್, ಪಕ್ಷನಿಷ್ಠೆ ನೂರಕ್ಕೆ ನೂರರ ಹತ್ತಿರ ಬಂದಿರುವಾಗ ಅದನ್ನು ಅಳೆಯುವುದೇ ವ್ಯರ್ಥ ಎಂಬ ಅರ್ಥದಲ್ಲಿ ಬರೆದಿದ್ದರು. ಬರೆದ ಕೆಲವೇ ವರ್ಷಗಳಲ್ಲಿ ಅಳೆಯುವುದಕ್ಕೆ ಬೇಕಾದಷ್ಟು ಸಿಕ್ಕಿತು. ಅಳೆದವರು ಫಿಲಿಪ್ ನಾರ್ಟನ್. 1945ರಿಂದ 1974ರವರೆಗಿನ ಭಿನ್ನಮತದ ಮತಗಳನ್ನೆಲ್ಲ ಒಟ್ಟುಹಾಕಿ 1975ರಲ್ಲಿ ಅವರು ಗ್ರಂಥ ಪ್ರಕಟಿಸಿದರು.

ತಿರುವು ಬಂದದ್ದು ಪ್ರಧಾನಿ ಎಡ್ವರ್ಡ್ ಹೀತ್ ಕಾಲದಲ್ಲಿ. 1971ರ ಅಕ್ಟೋಬರ್ 28ರಂದು ಐರೋಪ್ಯ ಸಮುದಾಯ ಸೇರುವ ತತ್ವಕ್ಕೆ ಕಾಮನ್ಸ್ 356–244ರಿಂದ ಒಪ್ಪಿಗೆ ಕೊಟ್ಟಿತು. ರಾಯ್ ಜೆಂಕಿನ್ಸ್ ನೇತೃತ್ವದಲ್ಲಿ 69 ಲೇಬರ್ ಸದಸ್ಯರು ಮೂರು ಗೆರೆಯ ವಿಪ್ ಧಿಕ್ಕರಿಸಿ ಸರ್ಕಾರದ ಜೊತೆ ಹೋಗಿದ್ದರು. 39 ಕನ್ಸರ್ವೇಟಿವ್ ಸದಸ್ಯರು ವಿರುದ್ಧ ಹೋಗಿದ್ದರು. ಹೀತ್ ಸರ್ಕಾರ ತನ್ನ ಅವಧಿಯಲ್ಲಿ ಆರು ಸಲ ಸೋತಿತು, ಆದರೂ ಬೀಳಲಿಲ್ಲ. ಸದಸ್ಯರಿಗೆ ಆಗ ಒಂದು ವಿಷಯ ಮನದಟ್ಟಾಯಿತು: ಮಸೂದೆಯೊಂದು ಸೋತ ಮಾತ್ರಕ್ಕೆ ಸರ್ಕಾರ ಹೋಗುವುದಿಲ್ಲ, ಚುನಾವಣೆಯೂ ಬರುವುದಿಲ್ಲ. ಈ ಅರಿವಿನ ಫಲವನ್ನು ಎಲ್ಲ ಪ್ರಧಾನಿಗಳೂ ಉಂಡಿದ್ದಾರೆ. ಗಟ್ಟಿ ಬಹುಮತವಿದ್ದ ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ ಕೂಡ ಭಾನುವಾರ ಅಂಗಡಿ ತೆರೆಯುವ ಮಸೂದೆಯನ್ನು 1986ರ ಏಪ್ರಿಲ್‌ನಲ್ಲಿ ಎರಡನೇ ವಾಚನದಲ್ಲೇ ಕಳೆದುಕೊಂಡಿತು. 72 ಮಂದಿ ಸ್ವಪಕ್ಷೀಯರು ವಿರುದ್ಧ ಹೋಗಿದ್ದರು.

ನಾರ್ಟನ್ ನಂತರ ಈ ಎಣಿಕೆಯನ್ನು ಮುಂದುವರಿಸಿದವರು ಫಿಲಿಪ್ ಕೌಲಿ ಮತ್ತು ಮಾರ್ಕ್ ಸ್ಟುವರ್ಟ್. ಅವರ ಲೆಕ್ಕದಂತೆ ಆಡಳಿತ ಪಕ್ಷದ ಒಬ್ಬರಾದರೂ ಬಂಡೆದ್ದ ಮತಗಳ ಪ್ರಮಾಣ 2001–05ರಲ್ಲಿ ಶೇ 21, 2005–10ರಲ್ಲಿ ಶೇ 28, ಕ್ಯಾಮರನ್–ಕ್ಲೆಗ್ ಮೈತ್ರಿಕೂಟದ 2010–15ರಲ್ಲಿ ಶೇ 35. ಹೆಚ್ಚಿನವು ಮೂರು ನಾಲ್ಕು ಜನರ ಬಂಡಾಯಗಳು, ಮರುದಿನದ ಪತ್ರಿಕೆಯಲ್ಲಿ ಒಂದು ಸಾಲೂ ಬಾರದಂಥವು. ದೊಡ್ಡವು ಬೇರೆ: 2003ರ ಮಾರ್ಚ್ 18ರಂದು ಇರಾಕ್ ಯುದ್ಧದ ವಿರುದ್ಧ ಹೋದ 139 ಲೇಬರ್ ಸದಸ್ಯರು, 2012ರ ಜುಲೈನಲ್ಲಿ ಮೇಲ್ಮನೆ ಸುಧಾರಣೆಯ ಮಸೂದೆಗೆ ಎದುರು ನಿಂತ 91 ಕನ್ಸರ್ವೇಟಿವ್ ಸದಸ್ಯರು, 2019ರ ಜನವರಿ 15ರಂದು ಥೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದವನ್ನು 432–202ರಿಂದ ಮಣ್ಣುಮುಕ್ಕಿಸಿದ ಮತದಲ್ಲಿದ್ದ 118 ಸ್ವಪಕ್ಷೀಯರು. ಮರುದಿನವೇ ಮಂಡನೆಯಾದ ಅವಿಶ್ವಾಸ ನಿರ್ಣಯದಲ್ಲಿ ಅದೇ 118 ಮಂದಿ ಮೇ ಅವರ ಪರ ನಿಂತರು. ಸರ್ಕಾರ 325–306ರಿಂದ ಉಳಿಯಿತು. ನೀತಿ ಬೇಡ, ಸರ್ಕಾರ ಬೇಕು ಎಂದು ಇಪ್ಪತ್ತನಾಲ್ಕು ಗಂಟೆಯೊಳಗೆ ಎರಡೂ ಮಾತು ಹೇಳಲು ಅಲ್ಲಿ ದಾರಿಯಿದೆ. ನಮ್ಮ ಕಾನೂನಿನಲ್ಲಿ ಇಲ್ಲದ್ದು ಇದೇ.

ಹಟವಾದಿಗಳು

ಕೆಲವರಿಗೆ ಬಂಡಾಯವೇ ನಿತ್ಯಕರ್ಮ. ಟೋನಿ ಬ್ಲೇರ್ ಮತ್ತು ಗಾರ್ಡನ್ ಬ್ರೌನ್ ಅವರ ಹದಿಮೂರು ವರ್ಷಗಳಲ್ಲಿ ಜೆರೆಮಿ ಕಾರ್ಬಿನ್ ಪಕ್ಷದ ವಿರುದ್ಧ ಮತ ಹಾಕಿದ್ದು 428 ಸಲ. ಮೊದಲ ಅವಧಿಯಲ್ಲಿ 64, ಎರಡನೆಯದರಲ್ಲಿ 148, ಮೂರನೆಯದರಲ್ಲಿ 216: ವಯಸ್ಸಾದಂತೆ ಹುರುಪು ಹೆಚ್ಚಿದಂತಿದೆ. ಇಷ್ಟಾದರೂ ಇಸ್ಲಿಂಗ್ಟನ್ ನಾರ್ತ್ ಕ್ಷೇತ್ರದಲ್ಲಿ ಆ ವರ್ಷಗಳಲ್ಲಿ ಪಕ್ಷ ಅವರಿಗೆ ಪ್ರತಿ ಸಲ ಟಿಕೆಟ್ ಕೊಟ್ಟಿತು. 2015ರಲ್ಲಿ ಅವರೇ ಪಕ್ಷದ ನಾಯಕರಾದರು. 2017ರ ಫೆಬ್ರುವರಿಯಲ್ಲಿ ಐರೋಪ್ಯ ಒಕ್ಕೂಟ ಬಿಡುವ ಮಸೂದೆಗೆ ಬೆಂಬಲ ಕೊಡಿರೆಂದು ಅವರು ಮೂರು ಗೆರೆಯ ವಿಪ್ ಹೊರಡಿಸಿದಾಗ 47 ಲೇಬರ್ ಸದಸ್ಯರು ಅದನ್ನು ಮೀರಿದರು. ಅವರಿಗೆ ಬುದ್ಧಿ ಹೇಳುವ ನೈತಿಕ ಬಲ ಕಾರ್ಬಿನ್ ಅವರಿಗೆ ಎಲ್ಲಿಂದ ಬರಬೇಕು? ಅದೇ ಮತದಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ವಿರುದ್ಧ ಹೋದವರು ಕೆನೆತ್ ಕ್ಲಾರ್ಕ್ ಒಬ್ಬರೇ.

ಬೆಲೆ ಎಷ್ಟು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಸಚಿವರಾದವರು ವಿರುದ್ಧ ಮತ ಹಾಕಬೇಕಾದರೆ ಮೊದಲು ರಾಜೀನಾಮೆ ಕೊಡಬೇಕು. ಇರಾಕ್ ಮತಕ್ಕೆ ಮುನ್ನಾದಿನ ರಾಬಿನ್ ಕುಕ್ ಮಾಡಿದ್ದು ಹಾಗೆಯೇ. ಹಿಂದಿನ ಸಾಲಿನವರಿಗೆ ಸಾಮಾನ್ಯವಾಗಿ ಸಿಗುವುದು ಮುಖ ಗಂಟಿಕ್ಕಿದ ಸಚೇತಕ ಮತ್ತು ಎಂದೂ ಬಾರದ ಬಡ್ತಿ. ಅಪರೂಪಕ್ಕೆ ಪಕ್ಷ ಕೈ ಎತ್ತುತ್ತದೆ. 1994ರ ನವೆಂಬರ್‌ನಲ್ಲಿ ಜಾನ್ ಮೇಜರ್ ಎಂಟು ಮಂದಿಯನ್ನು ಪಕ್ಷದ ಸಂಸದೀಯ ಗುಂಪಿನಿಂದ ಹೊರಗಿಟ್ಟರು. 2019ರ ಸೆಪ್ಟೆಂಬರ್ 3ರಂದು ಬೋರಿಸ್ ಜಾನ್ಸನ್ 21 ಮಂದಿಯನ್ನು ಒಂದೇ ರಾತ್ರಿ ಹೊರಹಾಕಿದರು; ಕ್ಲಾರ್ಕ್ ಜೊತೆಗೆ ಚರ್ಚಿಲ್ ಅವರ ಮೊಮ್ಮಗ ನಿಕೋಲಸ್ ಸೋಮ್ಸ್ ಕೂಡ ಆ ಪಟ್ಟಿಯಲ್ಲಿದ್ದರು. 2024ರ ಜುಲೈನಲ್ಲಿ ಕೀರ್ ಸ್ಟಾರ್ಮರ್ ಸರ್ಕಾರ ಬಂದು ಮೂರು ವಾರವೂ ಕಳೆದಿರಲಿಲ್ಲ, ಮಕ್ಕಳ ಭತ್ಯೆಯನ್ನು ಇಬ್ಬರಿಗೆ ಮಿತಿಗೊಳಿಸುವ ನಿಯಮದ ವಿರುದ್ಧ ಮತ ಹಾಕಿದ ಏಳು ಮಂದಿ ಅಮಾನತಾದರು. ಇವರ‍್ಯಾರೂ ಸಂಸದ ಸ್ಥಾನ ಕಳೆದುಕೊಳ್ಳಲಿಲ್ಲ ಎಂಬುದು ಮುಖ್ಯ. ಪಕ್ಷ ಟಿಕೆಟನ್ನು ಕಿತ್ತುಕೊಳ್ಳಬಹುದು, ಕ್ಷೇತ್ರವನ್ನಲ್ಲ.

ನಡೆಯದೇ ಹೋದ ಬಂಡಾಯಗಳನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ. 2025ರಲ್ಲಿ ಅಂಗವಿಕಲರ ನೆರವಿಗೆ ಕತ್ತರಿ ಹಾಕುವ ಮಸೂದೆಯ ವಿರುದ್ಧದ ತಿದ್ದುಪಡಿಗೆ 120ಕ್ಕೂ ಹೆಚ್ಚು ಲೇಬರ್ ಸದಸ್ಯರು ಸಹಿ ಮಾಡಿದ್ದರು. ಸರ್ಕಾರ ಒಂದೊಂದೇ ಅಂಶ ಬಿಟ್ಟುಕೊಡುತ್ತ ಬಂತು. ಜುಲೈ 1ರಂದು ಚರ್ಚೆ ನಡೆಯುತ್ತಿರುವಾಗಲೇ ಮಸೂದೆಯ ತಿರುಳಾಗಿದ್ದ ಕಲಮನ್ನು ಹಿಂದೆಗೆದುಕೊಂಡಿತು. ಕೊನೆಗೆ ವಿರುದ್ಧ ಹೋದವರು 49 ಮಂದಿ. ಲೆಕ್ಕದ ಪುಸ್ತಕದಲ್ಲಿ ಉಳಿಯುವುದು ಈ 49 ಮಾತ್ರ. ನನ್ನ ದೃಷ್ಟಿಯಲ್ಲಿ ಬಂಡಾಯದ ಅಂಕಿಅಂಶ ಎಂಬುದು ಮಾತುಕತೆ ಮುರಿದುಬಿದ್ದ ಸಂದರ್ಭಗಳ ಪಟ್ಟಿಯೇ ಹೊರತು ಭಿನ್ನಮತದ ಅಳತೆಯಲ್ಲ.

ಬೇರೆ ದೇಶಗಳ ಮಾತನ್ನು ಇಲ್ಲಿ ಚುಟುಕಾಗಿ ಮುಗಿಸಬಹುದು. ಆಸ್ಟ್ರೇಲಿಯದ ಲೇಬರ್ ಪಕ್ಷದಲ್ಲಿ ಸದಸ್ಯರು ಮೊದಲೇ ನಿಷ್ಠೆಯ ಪ್ರತಿಜ್ಞೆಗೆ ಕಟ್ಟುಬಿದ್ದಿರುತ್ತಾರೆ. 2024ರಲ್ಲಿ ಪ್ಯಾಲೆಸ್ತೀನ್ ವಿಷಯದಲ್ಲಿ ಎದುರು ಸಾಲಿಗೆ ಹೋಗಿ ಕುಳಿತ ಸೆನೆಟರ್ ಫಾತಿಮಾ ಪೇಮನ್ ಕೆಲವೇ ದಿನಗಳಲ್ಲಿ ಪಕ್ಷ ಬಿಡಬೇಕಾಯಿತು. ನ್ಯೂಜಿಲೆಂಡಿನಲ್ಲಿ ಹೆಚ್ಚಿನ ಮತಗಳಲ್ಲಿ ಸದಸ್ಯರು ಎದ್ದೇಳುವುದೂ ಇಲ್ಲ, ಪಕ್ಷದ ಪರವಾಗಿ ಒಬ್ಬರೇ ಎಲ್ಲರ ಮತವನ್ನೂ ಒಟ್ಟಿಗೆ ಹೇಳಿಬಿಡುತ್ತಾರೆ. ಜರ್ಮನಿಯ ಸಂವಿಧಾನದ 38ನೇ ವಿಧಿ ಸದಸ್ಯರು ಆತ್ಮಸಾಕ್ಷಿಗೆ ಮಾತ್ರ ಬದ್ಧರು ಎನ್ನುತ್ತದೆ, ಆದರೂ ಅಲ್ಲಿ ಪಕ್ಷಗಳು ಬಹುಮಟ್ಟಿಗೆ ಒಂದಾಗಿಯೇ ಮತ ಹಾಕುತ್ತವೆ.

ಭಾರತದಲ್ಲಿ

ಪಕ್ಷದ ವಿರುದ್ಧ ಮತ ಎಂಬುದು ನಮ್ಮ ರಾಜಕಾರಣದಲ್ಲಿ ಒಂದು ಕಾಲಕ್ಕೆ ಪ್ರಧಾನಿಯ ಅಸ್ತ್ರವೇ ಆಗಿತ್ತು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ಎಸ್. ನಿಜಲಿಂಗಪ್ಪ ಶಿಸ್ತಿನ ಮಾತಾಡಿದರು, ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತದ ಕರೆ ಕೊಟ್ಟರು. ರೆಡ್ಡಿಯವರ ಎದುರು ನಿಂತಿದ್ದ, ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ವಿ. ವಿ. ಗಿರಿ ಗೆದ್ದರು. ನವೆಂಬರ್‌ನಲ್ಲಿ ನಿಜಲಿಂಗಪ್ಪ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು, ಪಕ್ಷ ಎರಡಾಯಿತು.

ಅದಕ್ಕೆ ಎರಡು ವರ್ಷ ಮೊದಲೇ ಹರಿಯಾಣದ ಗಯಾ ಲಾಲ್ ‘ಆಯಾ ರಾಮ್ ಗಯಾ ರಾಮ್’ ಎಂಬ ಮಾತಿಗೆ ಕಾರಣರಾಗಿದ್ದರು. ಈ ಪಕ್ಷಾಂತರದ ಚಾಳಿಗೆ ಮದ್ದೆಂದು 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿ ಹತ್ತನೇ ಅನುಸೂಚಿಯನ್ನು ಸೇರಿಸಿತು. ಪಕ್ಷ ಬಿಟ್ಟವರ ಜೊತೆಗೆ, ಪಕ್ಷದ ಸೂಚನೆಗೆ ವಿರುದ್ಧವಾಗಿ ಮತ ಹಾಕಿದವರನ್ನೂ ಮತ ಹಾಕದೆ ಉಳಿದವರನ್ನೂ ಅದು ಒಂದೇ ತಕ್ಕಡಿಗೆ ಹಾಕಿತು: ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದಿದ್ದರೆ ಸ್ಥಾನವೇ ಹೋಗುತ್ತದೆ. ಅಧಿಕಾರದಾಸೆಗೆ ಹಾರುವವನೂ ಒಂದು ಮಸೂದೆಯನ್ನು ಒಪ್ಪದವನೂ ಒಂದೇ ಎಂಬ ಈ ತೀರ್ಮಾನ ಕಾನೂನಿನ ದೊಡ್ಡ ಎಡವಟ್ಟು. ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ (1992) ಸುಪ್ರೀಂ ಕೋರ್ಟ್ 3–2ರ ಬಹುಮತದಿಂದ ಕಾನೂನನ್ನು ಎತ್ತಿಹಿಡಿದು, ಇಂಥ ಅನರ್ಹತೆ ವಿಶ್ವಾಸಮತಕ್ಕೂ ಪಕ್ಷ ಜನರ ಮುಂದಿಟ್ಟ ಮುಖ್ಯ ನೀತಿಗಳಿಗೂ ಸೀಮಿತವಾಗಿರಬೇಕೆಂದಿತು. ಪಕ್ಷಗಳು ಅದನ್ನು ಓದಿದಂತೆ ಕಾಣುವುದಿಲ್ಲ. ಸಾಮಾನ್ಯ ಮಸೂದೆಗೂ ಮೂರು ಗೆರೆಯ ವಿಪ್ ಹೊರಡುತ್ತಲೇ ಇದೆ.

ಈಗ ಉಳಿದಿರುವುದು ಬಿಡಿ ಘಟನೆಗಳು. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಾಗ ನ್ಯಾಷನಲ್ ಕಾನ್ಫರೆನ್ಸಿನ ಸೈಫುದ್ದೀನ್ ಸೋಜ್ ಪಕ್ಷದ ನಿರ್ಧಾರ ಮೀರಿ ವಿರುದ್ಧ ಮತ ಹಾಕಿದ್ದರು. ಪಕ್ಷ ಅವರನ್ನು ಉಚ್ಚಾಟಿಸಿತು. 2008ರ ಜುಲೈ 22ರಂದು ಅಣು ಒಪ್ಪಂದದ ಹಿನ್ನೆಲೆಯಲ್ಲಿ ಮನಮೋಹನ್ ಸಿಂಗ್ ವಿಶ್ವಾಸಮತ ಕೇಳಿ 275–256ರಿಂದ ಗೆದ್ದಾಗ ಬೆಂಗಳೂರಿನ ಬಿಜೆಪಿ ಸಂಸದ ಎಚ್. ಟಿ. ಸಾಂಗ್ಲಿಯಾನ ಸರ್ಕಾರದ ಪರ ಮತ ಹಾಕಿದರು, ಉಡುಪಿಯ ಮನೋರಮಾ ಮಧ್ವರಾಜ್ ಮತದಿಂದ ದೂರ ಉಳಿದರು.

ರಾಜ್ಯಸಭೆ ಚುನಾವಣೆಯದು ಬೇರೆ ಲೆಕ್ಕ. 2003ರಿಂದ ಅಲ್ಲಿ ಮತ ಬಹಿರಂಗ: ಶಾಸಕರು ಗುರುತು ಹಾಕಿದ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಆಮೇಲೆ ಪೆಟ್ಟಿಗೆಗೆ ಹಾಕಬೇಕು. ಆದರೆ ಪಕ್ಷದ ವಿರುದ್ಧ ಹಾಕಿದರೆ ಸ್ಥಾನ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಬೆಲೆ ಇಳಿದ ಕೂಡಲೇ ಸಂಖ್ಯೆ ಏರುವುದನ್ನು ಕರ್ನಾಟಕದಲ್ಲಿ ಕಣ್ಣಾರೆ ಕಾಣಬಹುದು. 2016ರಲ್ಲಿ ಜೆಡಿಎಸ್‌ನ ಎಂಟು ಶಾಸಕರು ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು. 2022ರಲ್ಲಿ ಅದೇ ಪಕ್ಷದ ಕೋಲಾರದ ಶ್ರೀನಿವಾಸ ಗೌಡರು ಕಾಂಗ್ರೆಸ್ಸಿಗೆ ಹಾಕಿದ್ದನ್ನು ಹೊರಗೆ ಬಂದು ಮಾಧ್ಯಮದವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. 2024ರ ಫೆಬ್ರುವರಿ 27ರಂದು ಬಿಜೆಪಿಯ ಎಸ್. ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರೆ ಯಲ್ಲಾಪುರದ ಶಿವರಾಮ ಹೆಬ್ಬಾರ್ ಮತಗಟ್ಟೆಯ ಕಡೆ ಬರಲೇ ಇಲ್ಲ. ಇವರಿಬ್ಬರೂ 2019ರಲ್ಲಿ ರಾಜೀನಾಮೆ ಕೊಟ್ಟು, ವಿಪ್ ಇದ್ದರೂ ಸದನಕ್ಕೆ ಬಾರದೆ ಕುಮಾರಸ್ವಾಮಿ ಸರ್ಕಾರ 99–105ರಿಂದ ಬೀಳಲು ಕಾರಣರಾಗಿ, ಸ್ಪೀಕರ್ ರಮೇಶ್ ಕುಮಾರ್ ಅವರಿಂದ ಅನರ್ಹಗೊಂಡ ಹದಿನೇಳು ಶಾಸಕರಲ್ಲಿ ಸೇರಿದವರು. ಅಂದು ಸ್ಥಾನ ಹೋಗಿತ್ತು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಬಂದರು. ಈ ಸಲ 2025ರ ಮೇನಲ್ಲಿ ಬಿಜೆಪಿ ಇಬ್ಬರನ್ನೂ ಆರು ವರ್ಷ ಉಚ್ಚಾಟಿಸಿತು, ಶಾಸಕ ಸ್ಥಾನಕ್ಕೆ ಧಕ್ಕೆಯಾಗಲಿಲ್ಲ.

ಲೋಕಸಭೆಯಲ್ಲಿ ಎಣಿಸುವುದಕ್ಕೇ ಹೆಚ್ಚೇನೂ ಇಲ್ಲ ಎಂಬುದು ಇನ್ನೊಂದು ತೊಡಕು. ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಮುಗಿಯುತ್ತವೆ; ಯಾರು ಹೌದು ಎಂದರು, ಯಾರು ಅಲ್ಲ ಎಂದರು, ಯಾರು ಸುಮ್ಮನಿದ್ದರು ಎಂಬ ದಾಖಲೆ ಇರುವುದಿಲ್ಲ. ಸದಸ್ಯರು ಪಟ್ಟು ಹಿಡಿದು ಮತ ವಿಭಜನೆ ಕೇಳಿದರೆ ಮಾತ್ರ ಗಂಟೆ ಬಾರಿಸಿ, ಮೂರೂವರೆ ನಿಮಿಷ ಕಾದು, ಮೇಜಿನ ಮೇಲಿನ ಹಸಿರು, ಕೆಂಪು, ಹಳದಿ ಗುಂಡಿಗಳಿಗೆ ಕೆಲಸ ಬರುತ್ತದೆ. ಬ್ರಿಟನ್ನಿನಂತೆ ಸದಸ್ಯರೊಬ್ಬರ ಬಂಡಾಯದ ಶೇಕಡಾವಾರು ತೆಗೆಯಬೇಕೆಂದರೆ ಕೆಳಗಿಡಲು ಛೇದವೇ ಸಿಗುವುದಿಲ್ಲ.

ವಿಪ್ಪಿನ ಹಿಡಿತವನ್ನು ವಿಶ್ವಾಸಮತಕ್ಕೆ ಸೀಮಿತಗೊಳಿಸಬೇಕೆಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಶಿಫಾರಸು ಮಾಡಿತ್ತು. 2003ರ 91ನೇ ತಿದ್ದುಪಡಿ ಅದನ್ನು ಮುಟ್ಟಲಿಲ್ಲ. ಮೂರನೇ ಒಂದರಷ್ಟು ಮಂದಿ ಒಡೆದು ಹೋಗಲು ಇದ್ದ ರಿಯಾಯಿತಿಯನ್ನು ತೆಗೆದು ಕಾನೂನನ್ನು ಇನ್ನಷ್ಟು ಬಿಗಿಮಾಡಿತು. ಕಾಂಗ್ರೆಸ್ಸಿನ ಮನೀಶ್ ತಿವಾರಿ ಗೋಸ್ವಾಮಿ ಸಮಿತಿಯ ಆಶಯದ ಖಾಸಗಿ ಮಸೂದೆಯನ್ನು ಒಂದಕ್ಕಿಂತ ಹೆಚ್ಚು ಸಲ ಲೋಕಸಭೆಯ ಮುಂದೆ ತಂದಿದ್ದಾರೆ. ಆದರೆ 1970ರ ನಂತರ ಖಾಸಗಿ ಸದಸ್ಯರ ಯಾವ ಮಸೂದೆಯೂ ಉಭಯ ಸದನಗಳನ್ನು ದಾಟಿ ಕಾಯ್ದೆಯಾಗಿಲ್ಲ.